ಅತ್ತೆ, ನಾನು ಮತ್ತು ಎರಡು ಟ್ರಕ್ಕುಗಳು

"ನಾಳೆ ಸಾಲಿ ಬಿಟ್ಟ ಮ್ಯಾಲೆ ಕ್ಯಾಂಪಿಗೆ ಹೋಗಿ ಎರಡು ಟ್ರಕ್ ತರ್ತೀನ್ರಿ ಅತ್ತಿ" ಎಂದು ನಾನು ಹೇಳಿದಾಗ ಅತ್ತೆ ಮೆಂತೆಸೊಪ್ಪು ಬಿಡಿಸುತ್ತ ಕುಳಿತಿದ್ದರು. ಅವರ ಕೈ ನಿಂತಿತು. ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಎದ್ದು ಒಳಕೋಣೆಗೆ ಹೋಗಿ ಮಗನಿಗೆ ಫೋನ್ ಹಚ್ಚಿದರು. ನನ್ನ ಗಂಡನಿಗೆ ಕುರಕುಂಭದ ಕಾರ್ಖಾನೆಯೊಂದರಲ್ಲಿ ಕೆಲಸ. ವಾರವಿಡೀ ಅಲ್ಲೇ ಇದ್ದು ಶನಿವಾರ ಸಂಜೆ ಪುಣೆಯ ವಾಕಡದ ನಮ್ಮ ಮನೆಗೆ ಬರುತ್ತಾರೆ. ಅರ್ಧ ತೆರೆದ ಬಾಗಿಲಿನಿಂದ ಅತ್ತೆಯ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

"ನಿನ್ನ ಹೆಂಡ್ತಿ ಸಾಲಿ ಬಿಟ್ಟು ಟ್ರಾನ್ಸ್‌ಪೋರ್ಟ್ ಧಂದೆ ಸುರು ಮಾಡ್ತಾಳಂತ ಕಾಣಸ್ತದಪಾ. ಒಂದಲ್ಲ, ಎರಡು ಟ್ರಕ್ಕು! ನಿಲ್ಲಸೋದು ಎಲ್ಲೆ ಅಂತ ಕೇಳೀಯೇನು ನೀ?"

ನಾನು ನಗು ತಡೆಯಲಾರದೆ ಬಾಲ್ಕನಿಗೆ ಹೋಗಿ ಹಲಗೆಯನ್ನು ತಂದೆ. ನನ್ನ ಸೊಂಟದೆತ್ತರದ, ಒಂದು ಗೇಣು ಅಗಲದ ಹಲಗೆ. ಲಾಂಗ್‌ಬೋರ್ಡ್ ಅದು, ಚಕ್ರವಿಲ್ಲದ ಲಾಂಗ್‌ಬೋರ್ಡ್. ಅದರ ಕೆಳಗೆ ಮುಂದೊಂದು ಹಿಂದೊಂದು ಲೋಹದ ಜೋಡಣೆ ಕೂರಿಸಿ ಚಕ್ರ ಸಿಕ್ಕಿಸಬೇಕು. ಮೇಲೆ ನಿಂತವರು ಎಡಕ್ಕೆ ವಾಲಿದರೆ ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ ಚಕ್ರಗಳನ್ನು ತಿರುಗಿಸುವುದು ಆ ಜೋಡಣೆಯ ಕೆಲಸ. ಆ ಜೋಡಣೆಗೇ ಟ್ರಕ್ ಎನ್ನುತ್ತಾರೆ. ಇಷ್ಟನ್ನೆಲ್ಲ ನಾನು ವಿವರಿಸಿದ ಮೇಲೆ ಅತ್ತೆಯ ಮುಖ ಸಪ್ಪೆಯಾಯಿತು.

"ಅಯ್ಯ, ಇದು ಹಿಮ್ಮಡಿ ತಿಕ್ಕೋ ಹಲಗಿ ಅಲ್ಲೇನು?"

ಕಾಲು ಜಾರಬಾರದೆಂದು ಹಲಗೆಯ ಮೇಲ್ಮೈಗೆ ಉಸುಕಿನ ಕಾಗದದಂಥ ಒರಟು ಹಾಳೆ ಅಂಟಿಸಿರುತ್ತಾರೆ. ನಾಲ್ಕು ದಿನದಿಂದ ಅತ್ತೆ ಸ್ನಾನಕ್ಕೆ ಮುಂಚೆ ಅದರ ಮೇಲೆ ಹಿಮ್ಮಡಿ ಉಜ್ಜಿಕೊಳ್ಳುತ್ತಿದ್ದರಂತೆ. "ಭಾಳ ಛೊಲೊ ಕೆಲಸ ಕೊಟ್ಟದ ನೋಡು" ಎಂದು ಕಾಲು ಚಾಚಿ ತೋರಿಸಿದರು. ನಿಜಕ್ಕೂ ಹಿಮ್ಮಡಿಗಳು ಬೆಣ್ಣೆಯಂತಾಗಿದ್ದವು.

ಹಲಗೆ ಕೊಟ್ಟವಳು ಪಕ್ಕದ ಮನೆಯ ಮೈಸೂರಿನ ಹುಡುಗಿ. ಹಿಂಜವಡಿಯಲ್ಲಿ ಕೆಲಸ, ಇಪ್ಪತ್ತಾರು ವರ್ಷ. ನಮ್ಮ ಕಟ್ಟಡದ ಹಿಂದೆ ಹೊಸ ರಸ್ತೆಯೊಂದು ಡಾಂಬರು ಹಾಕಿಸಿಕೊಂಡು ಉದ್ಘಾಟನೆಗೆ ಕಾಯುತ್ತ ಬಿದ್ದಿತ್ತು. ವಾಹನಗಳಿಲ್ಲ, ಗುಂಡಿಗಳೂ ಇಲ್ಲ. ಪುಣೆಯಲ್ಲಿ ಗುಂಡಿಯಿಲ್ಲದ ರಸ್ತೆ ಸಿಗಬೇಕಾದರೆ ಅದು ಉದ್ಘಾಟನೆಯಾಗಿರಬಾರದು. ಬೆಳಿಗ್ಗೆ ನಾವೆಲ್ಲ ಅಲ್ಲಿ ಕೈ ಬೀಸಿ ನಡೆಯುತ್ತಿದ್ದರೆ ಆ ಹುಡುಗಿ ನೀರಿನ ಮೇಲೆ ಎಲೆ ತೇಲಿದ ಹಾಗೆ ನಮ್ಮ ಪಕ್ಕದಿಂದ ತೇಲಿ ಹೋಗುತ್ತಿದ್ದಳು. ಒಂದು ದಿನ ನಾಚಿಕೆ ಬಿಟ್ಟು ಕೇಳಿದೆ. ಅವಳು ನನ್ನ ಎರಡೂ ಕೈ ಹಿಡಿದು ಹತ್ತು ಮಾರು ಕರೆದೊಯ್ದಳು. ಅಷ್ಟೇ. ನಲವತ್ತನಾಲ್ಕು ವರ್ಷದ ಗಣಿತದ ಮೇಡಂ ಆ ಹತ್ತು ಮಾರಿನಲ್ಲಿ ಕೆಟ್ಟುಹೋದಳು.

ಅವಳು ತನಗೆ ಹೊಸ ಬೋರ್ಡ್ ಕೊಂಡಾಗ ಹಳೆಯ ಹಲಗೆಯನ್ನೂ ನಾಲ್ಕು ಚಕ್ರಗಳನ್ನೂ ನನಗೆ ಕೊಟ್ಟಳು. ಹಳೆಯ ಟ್ರಕ್‌ಗಳು ಸವೆದಿದ್ದವು. "ಟ್ರಕ್ ಮಾತ್ರ ನೀವೇ ಸೆಲೆಕ್ಟ್ ಮಾಡಿ ಆಂಟಿ. ರಿವರ್ಸ್ ಕಿಂಗ್‌ಪಿನ್‌ದು ಕೇಳಿ, ಲಾಂಗ್‌ಬೋರ್ಡ್‌ಗೆ ಅದೇ ಕರೆಕ್ಟು" ಎಂದು ಹೇಳಿ ಅಕ್ಕನ ಮದುವೆಗೆಂದು ಮೈಸೂರಿಗೆ ಹೊರಟುಹೋದಳು.

ಮರುದಿನ ಅತ್ತೆ ತಾವೂ ಬರುತ್ತೇನೆಂದು ಸೀರೆ ಬದಲಿಸಿ ನಿಂತಿದ್ದರು. ಅತ್ತೆ ಧಾರವಾಡದಲ್ಲಿ ನಲವತ್ತು ವರ್ಷ ಹೊಲಿಗೆ ಮಾಡಿದವರು. ಊರಿನ ಅರ್ಧ ಜನ ಹೆಣ್ಣುಮಕ್ಕಳ ಕುಪ್ಪಸ ಅವರ ಮಷೀನಿನ ಕೆಳಗೆ ಹಾದುಹೋಗಿದ್ದವು. ಈಗ ಎಪ್ಪತ್ತೆರಡು. ಆದರೂ ಅಳತೆಯ ಟೇಪು ಅವರ ಕೈಚೀಲದಿಂದ ಇಳಿದಿಲ್ಲ.

ಆಟೋದಲ್ಲಿ ನಮ್ಮಿಬ್ಬರ ನಡುವೆ ಹಲಗೆಯನ್ನು ನಿಲ್ಲಿಸಿಕೊಂಡು ಹೋದೆವು. ಕ್ಯಾಂಪ್ ಎಂಬ ಪೇಟೆಯಲ್ಲಿ, ಒಂದು ಕಟ್ಟಡದ ಮೊದಲ ಮಹಡಿಯಲ್ಲಿತ್ತು ಅಂಗಡಿ. ನಡೆಸುವಾಕೆ ಗಿಡ್ಡ ಕೂದಲಿನ ಮರಾಠಿ ಹೆಂಗಸು, ಮೊಣಕೈಯಲ್ಲಿ ಹಳೆಯ ಗಾಯದ ಗುರುತು. ಆಕೆ ಗಾಜಿನ ಮೇಲೆ ನಾಲ್ಕು ಜೊತೆ ಟ್ರಕ್ ಜೋಡಿಸಿದಳು. ಕಪ್ಪು, ಬೆಳ್ಳಿ, ನೇರಳೆ, ಕಿತ್ತಳೆ. ನಾನು ತಕ್ಷಣ ಕಿತ್ತಳೆಯದನ್ನು ಹಿಡಿದುಕೊಂಡೆ.

"ಬಣ್ಣ ನೋಡಿ ಅರಿವಿ ತಗೋಬಾರದು, ಅಗಲ ನೋಡಬೇಕು" ಎಂದು ಅತ್ತೆ ನನ್ನ ಕೈಯಿಂದ ಕಸಿದುಕೊಂಡು ಟೇಪು ತೆಗೆದರು. ಹಲಗೆಯ ಅಗಲ ಒಂಬತ್ತೂವರೆ ಇಂಚು. ಚಕ್ರಗಳು ಹಲಗೆಯ ಅಂಚಿಗೆ ಸರಿಸಮನಾಗಿ ನಿಲ್ಲಬೇಕು, ತೀರ ಒಳಗಿದ್ದರೆ ಮಗುಚುತ್ತದೆ, ಹೊರಗೆ ಚಾಚಿದರೆ ಕಾಲಿಗೆ ಬಡಿಯುತ್ತದೆ ಎಂದು ಅಂಗಡಿಯಾಕೆ ಮರಾಠಿಯಲ್ಲಿ ವಿವರಿಸಿದಳು. ಅಳೆದು ನೋಡಿದರೆ ಕಿತ್ತಳೆ ಬಣ್ಣದ್ದು ಗಿಡ್ಡ. ನೇರಳೆಯದು ಸರಿಯಾಗಿ ಕೂತಿತು. ಅತ್ತೆಯೂ ಅಂಗಡಿಯಾಕೆಯೂ ಒಬ್ಬರನ್ನೊಬ್ಬರು ನೋಡಿ, ಒಂದೇ ಕಸುಬಿನವರಂತೆ ತಲೆಯಾಡಿಸಿದರು.

ಮುಂದಿನ ಪ್ರಶ್ನೆ ಕೋನದ್ದು. ಟ್ರಕ್ಕಿನ ತಳದ ತಟ್ಟೆ ಐವತ್ತು ಡಿಗ್ರಿಯದೂ ಬರುತ್ತದೆ, ನಲವತ್ತೆರಡರದೂ ಬರುತ್ತದೆ. ಐವತ್ತಾದರೆ ಸ್ವಲ್ಪ ವಾಲಿದರೂ ಚೆನ್ನಾಗಿ ತಿರುಗುತ್ತದೆ. ನಲವತ್ತೆರಡು ವೇಗಕ್ಕೆ, ಸ್ಥಿರತೆಗೆ. ಇಪ್ಪತ್ತು ವರ್ಷ ಮಕ್ಕಳಿಗೆ ಕೋನ ಕಲಿಸಿದ ನಾನು ಗಂಟಲು ಸರಿಪಡಿಸಿಕೊಂಡು ಒಂದು ಸಣ್ಣ ಪಾಠವನ್ನೇ ಮಾಡಿದೆ, ಗಾಜಿನ ಮೇಲೆ ಬೆರಳಿನಿಂದ ಗೆರೆ ಎಳೆದೆ. ಎಲ್ಲ ಮುಗಿದ ಮೇಲೆ ಅತ್ತೆ ಕೇಳಿದರು, "ನೀ ಜೋರಾಗಿ ಹೋಗಾಕಿ ಏನು, ಸುತ್ತು ಹೊಡಿಯಾಕಿ?"

"ಸುತ್ತು ಹೊಡಿಯಾಕಿ."

"ಹಂಗಾದ್ರ ಐವತ್ತು. ಮುಗೀತಲ್ಲ!"

ಕೊನೆಯದು ಬುಶ್. ಟ್ರಕ್ಕಿನ ನಡುವಿನ ದಪ್ಪ ಬೋಲ್ಟಿಗೆ ಕಿಂಗ್‌ಪಿನ್ ಎಂದು ಹೆಸರು. ಅದಕ್ಕೆ ಪೋಣಿಸುವ ರಬ್ಬರಿನಂಥ ಎರಡು ಗುಂಡು ತುಂಡುಗಳೇ ಬುಶ್. ನಾವು ವಾಲಿದಾಗ ಅವು ಒತ್ತಿಕೊಂಡು ಮತ್ತೆ ನಮ್ಮನ್ನು ನೆಟ್ಟಗೆ ನಿಲ್ಲಿಸುತ್ತವೆ. ಮೆತ್ತಗಿನವು ಬೇಕೋ ಗಟ್ಟಿಯವು ಬೇಕೋ ಎಂಬುದು ನಿಲ್ಲುವವರ ತೂಕದ ಮೇಲೆ ಅವಲಂಬಿತ.

"ವಜನ್ ಕಿತಿ?" ಎಂದಳು ಆಕೆ, ತೂಕ ಎಷ್ಟು ಎಂದು. ಅಂಗಡಿಯಲ್ಲಿ ಇನ್ನೂ ಮೂವರು ಗಿರಾಕಿಗಳಿದ್ದರು. ನಾನು ಸಣ್ಣ ದನಿಯಲ್ಲಿ ಅರವತ್ತನಾಲ್ಕು ಎಂದೆ.

"ಎಪ್ಪತ್ತೊಂದು!" ಎಂದರು ಅತ್ತೆ, ಮರಾಠಿಯಲ್ಲಿ, ಗಟ್ಟಿಯಾಗಿ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಅಳತಿ ಕೊಡುವಾಗ ಸುಳ್ಳು ಹೇಳಿದ್ರ ಕುಪ್ಪಸ ಹರೀತದ. ಇದ್ರಾಗ ನೀನs ಹರಿದು ಹೋಗ್ತಿ."

ಅಂಗಡಿಯಾಕೆಗೆ ಕನ್ನಡ ಬಾರದಿದ್ದರೂ ಎಲ್ಲ ಅರ್ಥವಾಗಿ ಬಗ್ಗಿ ನಕ್ಕಳು. ಟ್ರಕ್ಕಿನ ಜೊತೆಗೇ ಬಂದ ಗಟ್ಟಿ ಬುಶ್‌ಗಳಲ್ಲದೆ ನನ್ನ ತೂಕಕ್ಕೆ ಹೊಂದುವ ಮೆತ್ತಗಿನ ಎರಡು ಜೊತೆಯನ್ನೂ ಕಟ್ಟಿಕೊಟ್ಟಳು.

ಮರುದಿನ ಶುಕ್ರವಾರ ಶಾಲೆಗೆ ರಜೆ. ನಡುಮನೆಯಲ್ಲಿ ಹಳೆಯ ಚಾದರ ಹಾಸಿ ಹಲಗೆಯನ್ನು ಬೋರಲು ಹಾಕಿದೆ. ಎಂಟು ತೂತು, ಎಂಟು ಬೋಲ್ಟು, ಎಂಟು ನಟ್ಟು. ಅತ್ತೆ ಎದುರು ಕುಳಿತು ಒಂದೊಂದೇ ನಟ್ಟು ಎತ್ತಿ ಕೊಟ್ಟರು. ಕರ್ಣರೇಖೆಯಲ್ಲಿ ಬಿಗಿಯುತ್ತ ಹೋದೆ, ಒಂದು ಮೂಲೆ, ಅದರ ಎದುರು ಮೂಲೆ. ಕೊನೆಗೆ ಚಕ್ರ ಸಿಕ್ಕಿಸಿ ಬೆರಳಿನಿಂದ ತಿರುಗಿಸಿದಾಗ ಅದು ಸುಯ್ಯೆಂದು ಸುಮಾರು ಹೊತ್ತು ತಿರುಗುತ್ತಲೇ ಇತ್ತು. ನಾವಿಬ್ಬರೂ ಉಸಿರು ಹಿಡಿದು ನೋಡಿದೆವು. ನಿಂತಿತು. "ಇನ್ನೊಮ್ಮೆ ತಿರಗಸು" ಎಂದರು ಅತ್ತೆ.

ತಡೆಯಲಾಗಲಿಲ್ಲ. ಕೆಳಗೆ ಪಾರ್ಕಿಂಗಿಗೆ ಓಡಿದೆವು. ಹೆಲ್ಮೆಟ್ ಹಾಕಿ, ಹಲಗೆಯೇರಿ, ಒಂದು ಕಾಲಿನಿಂದ ತಳ್ಳಿದೆ. ಎರಡು ಮಾರು ನೆಟ್ಟಗೆ ಹೋಯಿತು. ಎಡಕ್ಕೆ ವಾಲಿದೆ. ಬೋರ್ಡ್ ಎಡಕ್ಕೆ ತಿರುಗಲಿಲ್ಲ. ಅದರ ಮೂತಿ ಮುಂದೆಯೇ ನೋಡುತ್ತಿತ್ತು, ಮೈ ಮಾತ್ರ ಓರೆಯಾಗಿ ಎಡಕ್ಕೆ ಸರಿಯತೊಡಗಿತು. ಬಲಕ್ಕೆ ವಾಲಿದೆ. ಅದೇ ಓರೆ, ಈಗ ಬಲಕ್ಕೆ. ಏಡಿಯ ಬೆನ್ನೇರಿದ ಹಾಗೆ ನಾನು ಸ್ಕೂಟರುಗಳ ಸಾಲನ್ನು ದಾಟಿ, ಕಾವಲುಗಾರನ ಖಾಲಿ ಕುರ್ಚಿಯನ್ನು ಎತ್ತಿಕೊಂಡು ಹೋಗಿ ದಾಸವಾಳದ ಗಿಡದಲ್ಲಿ ನಿಂತೆ. ಕುರ್ಚಿ ನನ್ನ ಮಡಿಲಲ್ಲಿತ್ತು.

ಕಾವಲುಗಾರ ಓಡಿ ಬಂದ. ನನಗೆ ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಗಂಭೀರವಾಗಿ ಹೇಳಿದ: "ಮ್ಯಾಡಮ್, ಗಾಡಿ ವಾಕಡೀ ಚಾಲತೇ." ಗಾಡಿ ಸೊಟ್ಟ ಓಡುತ್ತಿದೆ ಎಂದು. ಮರಾಠಿಯಲ್ಲಿ ವಾಕಡೀ ಎಂದರೆ ಸೊಟ್ಟ.

"ವಾಕಡದಾಗ ಗಾಡಿ ವಾಕಡೀ ಹೋಗದs ಇನ್ನ ಹೆಂಗ ಹೋಗಬೇಕು?" ಎಂದು ಅತ್ತೆ ಹೇಳಿದ್ದೇ ತಡ, ಅವರಿಗೇ ನಗು ಉಕ್ಕಿತು. ನಾನು ಗಿಡದಲ್ಲಿ ಕುಳಿತೇ ನಕ್ಕೆ. ಕಾವಲುಗಾರ ತನ್ನ ಕುರ್ಚಿ ಬಿಡಿಸಿಕೊಂಡು ನಕ್ಕ.

ಕಾರಣ ಮಾತ್ರ ಹೊಳೆಯಲಿಲ್ಲ. ಮೈಸೂರಿಗೆ ಫೋನ್ ಮಾಡಿದರೆ ಹುಡುಗಿ ಎತ್ತಲಿಲ್ಲ. ಮನೆಗೆ ಬಂದು ಮತ್ತೆ ಚಾದರದ ಮೇಲೆ ಬೋರಲು ಹಾಕಿದೆವು. ಅತ್ತೆ ಕನ್ನಡಕ ಏರಿಸಿ ಮುಂದಿನ ಟ್ರಕ್ ನೋಡಿದರು, ಹಿಂದಿನದು ನೋಡಿದರು, ಮತ್ತೆ ಮುಂದಿನದು.

"ಇದು ಎತ್ತಾಗ ಮುಖ ಮಾಡೇದ?"

"ಮುಂದಕ್ಕ."

"ಇದು?"

"ಇದೂ ಮುಂದಕ್ಕ..."

"ಎರಡೂ ಎಡಗೈ ತೋಳs ಹಚ್ಚೀದಿ ಹುಚ್ಚಿ! ಒಂದು ಎಡಗೈದು, ಒಂದು ಬಲಗೈದು ಇರಬೇಕಲ್ಲ? ಒಂದಕ್ಕೊಂದು ಬೆನ್ನು ಮಾಡಬೇಕು."

ನಾನು ಹಣೆ ಚಚ್ಚಿಕೊಂಡೆ. ಎರಡೂ ಒಂದೇ ದಿಕ್ಕಿಗಿದ್ದರೆ ಮುಂದಿನ ಚಕ್ರ ಎಷ್ಟು ತಿರುಗುತ್ತದೋ ಹಿಂದಿನದೂ ಅದೇ ಕಡೆ ಅಷ್ಟೇ ತಿರುಗುತ್ತದೆ, ಬೋರ್ಡ್ ಓರೆಯಾಗಿ ಜಾರದೆ ಇನ್ನೇನು ಮಾಡೀತು? ಎಂಟನೆಯ ತರಗತಿಯ ಸಮಾನಾಂತರ ರೇಖೆಗಳ ಪಾಠ! ಹಿಂದಿನ ಟ್ರಕ್ಕಿನ ನಾಲ್ಕು ನಟ್ಟು ಬಿಚ್ಚಿ, ತಿರುಗಿಸಿ ಕೂರಿಸಿದೆ. ಅಷ್ಟರಲ್ಲಿ ಫೋನ್ ಬಂತು. ಹಿಂದೆ ನಾಗಸ್ವರದ ಅಬ್ಬರ. "ಆಂಟಿ, ಮಿಸ್ಡ್ ಕಾಲ್ ಇತ್ತು! ಕಿಂಗ್‌ಪಿನ್ ಎರಡೂ ಹೊರಗಡೆ ನೋಡ್ತಿರ್ಬೇಕು ಅಂತ ಹೇಳೋದೇ ಮರ್ತಿದ್ದೆ, ಸಾರಿ!"

"ನಮ್ಮ ಅತ್ತಿಯವರು ಹೇಳಿದ್ರು" ಎಂದೆ.

"ಅಜ್ಜಿ ಸ್ಕೇಟ್ ಮಾಡ್ತಾರಾ?" ಎಂದಳು ಅವಳು ಕಿರುಚಿ.

ಶನಿವಾರ ಬೆಳಿಗ್ಗೆ ಹೊಸ ರಸ್ತೆಗೆ ಇಳಿದೆವು. ಈಗ ಓರೆ ಹೋಗಲಿಲ್ಲ, ಆದರೆ ಸರಿಯಾಗಿ ತಿರುಗಲೂ ಇಲ್ಲ. ಗಟ್ಟಿ ಬುಶ್ ಬೇಕಾದಷ್ಟು ಬಗ್ಗದೆ ಬೋರ್ಡ್ ಹಳಿಯ ಮೇಲಿನ ರೈಲುಡಬ್ಬಿಯಂತೆ ಹೆಚ್ಚುಕಡಿಮೆ ನೆಟ್ಟಗೇ ಹೋಯಿತು. ರಸ್ತೆಬದಿಯ ಕಟ್ಟೆಯ ಮೇಲೆ ಕುಳಿತು ಮೆತ್ತಗಿನವನ್ನು ಹಾಕಿದೆ. ಸಣ್ಣ ಇಳಿಜಾರಿನಲ್ಲಿ ವೇಗ ಏರಿದ್ದೇ ಬೋರ್ಡ್ ಚಳಿಜ್ವರ ಬಂದಂತೆ ಅದುರಿತು. ಹಾರಿ ಇಳಿದು ಇಪ್ಪತ್ತು ಹೆಜ್ಜೆ ಓಡಿ ನಿಂತೆ. ಹೆದರಿಕೆಗಿಂತ ಖುಷಿಯೇ ಹೆಚ್ಚಾಗಿತ್ತೆಂದರೆ ನಂಬಬೇಕು.

"ಮುಂದ ಮೆತ್ತಗಿಂದು ಇರಲಿ, ಹಿಂದ ಗಟ್ಟಿದು ಹಾಕು" ಎಂದರು ಅತ್ತೆ. "ಮಷೀನಿನಾಗ ಮ್ಯಾಲಿನ ದಾರ, ಕೆಳಗಿನ ದಾರ ಎರಡೂ ಒಂದs ಬಿಗಿ ಇರಬೇಕಂತ ಎಲ್ಲೆ ಅದ? ಹೊಲಿಗಿ ಬಿದ್ದದ್ದು ನೋಡಿ ಬಿಗಿ ಮಾಡಬೇಕು." ನಾನು ಹಾಗೇ ಹಾಕಿದ ಮೇಲೆ ಪಾನಾ ತಾವೇ ಕೈಗೆ ತೆಗೆದುಕೊಂಡು ಮುಂದಿನ ಕಿಂಗ್‌ಪಿನ್ನಿನ ನಟ್ಟನ್ನು ಕಾಲು ಸುತ್ತು ಬಿಗಿದರು. "ಹೋಗಿ ಬಾ." ಹೋಗಿ ಬಂದೆ. ಇನ್ನೂ ಕಾಲು ಸುತ್ತು. "ಹೋಗಿ ಬಾ." ಮೂರನೆಯ ಸಲ ಆ ಕಾಲು ಸುತ್ತಿನ ಅರ್ಧದಷ್ಟು ಸಡಿಲಿಸಿದರು. "ಈಗ ಹೋಗು."

ಎಡಕ್ಕೆ ಒಂದಿಷ್ಟು ವಾಲಿದೆ. ಬೋರ್ಡ್ ಎಡಕ್ಕೆ ಬಾಗಿತು. ಬಲಕ್ಕೆ ವಾಲಿದೆ, ಬಲಕ್ಕೆ ಬಾಗಿತು. ಮತ್ತೆ ಎಡ, ಮತ್ತೆ ಬಲ. ನಾನು ಮನಸ್ಸಿನಲ್ಲಿ ಅಂದುಕೊಳ್ಳುವಷ್ಟರಲ್ಲಿ ಅದು ತಿರುಗಿರುತ್ತಿತ್ತು. ಅಷ್ಟಗಲದ ಕರಿ ರಸ್ತೆಯ ಮೇಲೆ ಈ ಅಂಚಿನಿಂದ ಆ ಅಂಚಿಗೆ ರಂಗೋಲಿಯ ಎಳೆ ಬಿಟ್ಟ ಹಾಗೆ ಸುತ್ತುತ್ತ ಹೋದೆ. ಯಾರೋ ಜೋರಾಗಿ ನಗುತ್ತಿದ್ದರು. ಸ್ವಲ್ಪ ದೂರ ಹೋದ ಮೇಲೆ ಅದು ನಾನೇ ಎಂದು ಗೊತ್ತಾಯಿತು. ನಡೆಯಲು ಬಂದಿದ್ದ ಮುದುಕರೊಬ್ಬರು ಕೋಲು ಎತ್ತಿ "ವಾ, ಬಾಯೀ!" ಎಂದು ಕೂಗಿದರು. ನಾನು ಕೈ ಬೀಸಲು ಹೋಗಿ ಇನ್ನೇನು ಬೀಳಬೇಕಿತ್ತು, ಬೀಳಲಿಲ್ಲ.

ಅವತ್ತು ಸಂಜೆ ಬಿಸಿಲಿಳಿದ ಮೇಲೆ ಮತ್ತೆ ಹೋದೆವು. ನಾನು ನಾಲ್ಕು ಸುತ್ತು ಹೊಡೆದು ಬಂದಾಗ ಅತ್ತೆ ಕಟ್ಟೆಯಿಂದ ಎದ್ದು ನಿಂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಯಾಗಿತ್ತು.

"ಕೂತಾರೂ ನೋಡಬಹುದಲ್ಲ?" ಎಂದರು ರಸ್ತೆಯ ಕಡೆ ನೋಡುತ್ತ.

"ಅತ್ತೀ, ಬ್ಯಾಡ್ರೀ, ನಿಮ್ಮ ಮಗ ನನ್ನ ಜೀವಂತ ಬಿಡೂದಿಲ್ಲ."

"ಅಂವಾ ಬರೂದ್ರಾಗ ಇಳೀತೀನಿ."

ನನ್ನ ಹೆಲ್ಮೆಟ್ ಅವರಿಗೆ ಹಾಕಿದೆ. ಚಪ್ಪಲಿ ಬಿಚ್ಚಿಟ್ಟು, ನನ್ನ ಭುಜ ಹಿಡಿದು, ಹಲಗೆಯ ನಡುವೆ ಚಕ್ಕಂಬಕ್ಕಳ ಹಾಕಿ ಕುಳಿತರು. ಎರಡೂ ಕೈಯಿಂದ ಅಂಚು ಹಿಡಿದುಕೊಂಡರು. ನಾನು ದುಪಟ್ಟಾದ ಒಂದು ತುದಿಯನ್ನು ಮುಂದಿನ ಟ್ರಕ್ಕಿಗೆ ಕಟ್ಟಿ, ಇಳಿಜಾರಿಲ್ಲದ ಕಡೆ ನಿಧಾನ ಎಳೆಯತೊಡಗಿದೆ. ಹತ್ತು ಹೆಜ್ಜೆಯವರೆಗೆ ಅವರು ಕಣ್ಣು ಮುಚ್ಚಿ ಏನೋ ಮಂತ್ರ ಹೇಳುತ್ತಿದ್ದರು. ಹನ್ನೊಂದನೆಯದಕ್ಕೆ ಕಣ್ಣು ತೆರೆದು, ಎಡಕ್ಕೆ ಒಂದಿಷ್ಟೇ ವಾಲಿ ನೋಡಿದರು. ಬೋರ್ಡ್ ಎಡಕ್ಕೆ ಬಾಗಿತು. ಅತ್ತೆಯ ಬಾಯಿಂದ ಹೊರಟ ಶಬ್ದವನ್ನು ಹದಿನೆಂಟು ವರ್ಷದ ಸಂಸಾರದಲ್ಲಿ ನಾನು ಕೇಳಿರಲಿಲ್ಲ. ಚಿಕ್ಕ ಹುಡುಗಿಯರು ಜೋಕಾಲಿ ಮೇಲಕ್ಕೆ ಹೋದಾಗ ಹೊರಡಿಸುವಂಥದು.

ಆಗಲೇ ರಸ್ತೆಯ ಕೊನೆಗೆ, ಮುಖ್ಯರಸ್ತೆಯಲ್ಲಿ ಕಾರ್ಖಾನೆಯ ಬಸ್ಸು ನಿಂತು ನನ್ನ ಗಂಡ ಇಳಿದರು. ಒಂದು ಕ್ಷಣ ಅವರು ನಮ್ಮನ್ನು ಗುರುತಿಸಲಿಲ್ಲ. ಆಮೇಲೆ ಗುರುತಿಸಿ ಚೀಲ ಅಲ್ಲೇ ಬಿಟ್ಟು ಓಡಿ ಬಂದರು. "ಅವ್ವಾ! ಏನು ಮಾಡ್ಲಿಕತ್ತೀ? ಇಳಿ ಮೊದಲ! ಬಿದ್ದು ಗಿದ್ದೀ!"

"ಇಳಿಯೂದಿಲ್ಲ" ಎಂದರು ಅತ್ತೆ. ಹೆಲ್ಮೆಟ್ಟಿನೊಳಗೆ ಅವರ ಮುಖ ಕೆಂಪಾಗಿತ್ತು. "ಇಕಿ ದಣದಾಳ, ಭಾಳ ಸಾವಕಾಶ ಎಳೀತಾಳ. ನೀ ಎಳಿ ಬಾ."

ಅವರು ನನ್ನನ್ನು ನೋಡಿದರು. ನಾನು ದುಪಟ್ಟಾದ ತುದಿಯನ್ನು ಅವರ ಕೈಗೆ ಕೊಟ್ಟೆ. ಸಿಡುಕಬೇಕೆಂದು ತುಟಿ ಬಿಗಿದವರು ಸಿಡುಕಲಾರದೆ ಫಕ್ಕನೆ ನಕ್ಕುಬಿಟ್ಟರು, ಆಮೇಲೆ ಎಳೆಯತೊಡಗಿದರು, ಮೊದಲು ನಡೆಯುತ್ತ, ಅತ್ತೆ "ಇನ್ನ ಜೋರs" ಎಂದಂತೆಲ್ಲ ಸಣ್ಣ ಓಟದಲ್ಲಿ. ನಾನು ಅತ್ತೆಯ ಎರಡೂ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲೇ ಓಡಿದೆ.