ಸೋಮವಾರ ನಿಲ್ಲುವ ಮೋಟರು

ನನ್ನನ್ನು ಫೋನಿನ ವಿಭಾಗದಿಂದ ತೆಗೆದು ಹಳೆಯ ತಕರಾರುಗಳ ವಿಭಾಗಕ್ಕೆ ಹಾಕಿದಾಗ, ನಮ್ಮೂರು ತಿಕೋಂಡಿಯ ಮನೆಯಲ್ಲಿ ಅದು ಬಡ್ತಿ ಎಂದು ಹೇಳಿದೆ. ಬಡ್ತಿಯಲ್ಲ, ಬಾಯಿ ಮುಚ್ಚಿಸುವ ಏರ್ಪಾಡು. ನಾನು ಹೆಚ್ಚು ಮಾತಾಡುತ್ತೇನೆ ಎಂಬುದು ಕಚೇರಿಯಲ್ಲಿ ಲೆಕ್ಕಸಮೇತ ಸಾಬೀತಾಗಿತ್ತು.

ನಮ್ಮ ಕಚೇರಿ ಇರುವುದು ಗಡಿಯಾಚೆ ಮಹಾರಾಷ್ಟ್ರದ ಜತ್ತದ ಪೇಟೆಯಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ. ಕಂಪನಿ ಮಾರುವುದು ಒಂದು ಪೆಟ್ಟಿಗೆಯನ್ನು. ಬಾವಿಯ ಮೋಟರಿಗೆ ಅದನ್ನು ಜೋಡಿಸಿದರೆ ರೈತ ಮನೆಯಿಂದಲೇ ಫೋನು ಮಾಡಿ ನೀರು ಬಿಡಬಹುದು, ನಿಲ್ಲಿಸಬಹುದು. ಪೆಟ್ಟಿಗೆಯೊಳಗಿನಿಂದ ಒಂದು ಹೆಣ್ಣುದನಿ ಮಾತಾಡುತ್ತದೆ: ಚಾಲೂ ಮಾಡಲು ಒಂದು ಒತ್ತಿ, ಬಂದ್ ಮಾಡಲು ಎರಡು ಒತ್ತಿ. ಪೆಟ್ಟಿಗೆ ಮಾತು ಕೇಳದಿದ್ದಾಗ ಜನ ನಮಗೆ ಫೋನು ಮಾಡುತ್ತಾರೆ. ಕನ್ನಡದ ಕರೆಗಳೆಲ್ಲ ನನಗೆ ಬರುತ್ತಿದ್ದವು. ಒಂದು ಕರೆ ಆರು ನಿಮಿಷದಲ್ಲಿ ಮುಗಿಯಬೇಕೆಂದು ನಿಯಮ, ನನ್ನವು ಹನ್ನೊಂದು ನಿಮಿಷ. ಏನು ಮಾಡಲಿ, "ನಿಮ್ಮ ಕಡೆ ಮಳಿ ಆತೇನ್ರಿ?" ಎಂದು ಕೇಳದೆ ನೇರ ತಕರಾರಿಗೆ ಬರುವ ರೈತ ನಮ್ಮ ಭಾಗದಲ್ಲಿ ಇನ್ನೂ ಹುಟ್ಟಿಲ್ಲ. ಕೇಳಿದವರಿಗೆ ಉತ್ತರ ಕೊಡದಷ್ಟು ನಾನೂ ಕೆಟ್ಟಿಲ್ಲ.

ಸಾಂಗಲಿಯಿಂದ ಬಂದ ಸಾಹೇಬರು ಮರಾಠಿಯಲ್ಲಿ, ಬಹಳ ಮೃದುವಾಗಿ ವಿಷಯ ತಿಳಿಸಿದರು. ಹೊಸ ವಿಭಾಗದಲ್ಲಿ ಯಾರಿಗೂ ಬಗೆಹರಿಯದ ನಾಲ್ಕು ತಕರಾರುಗಳಿವೆ. ಎರಡು ತಿಂಗಳೊಳಗೆ ಒಂದನ್ನಾದರೂ ಮುಗಿಸಿದರೆ ಕೆಲಸ ಕಾಯಂ. ಇಲ್ಲದಿದ್ದರೆ? ಫೋನಿನ ವಿಭಾಗದಲ್ಲಿ ನನ್ನ ಕುರ್ಚಿಗೆ ಆಗಲೇ ಬೇರೊಬ್ಬಳು ಬಂದಾಗಿದೆ ಎಂದರು. ಅರ್ಥವಾಯಿತು. ಸಿಟ್ಟು ನೆತ್ತಿಗೇರಿತು, ಆದರೆ ಅಳು ಬರಲಿಲ್ಲ. ನಾಲ್ಕರಲ್ಲಿ ಒಂದು ತಾನೇ ಎಂದುಕೊಂಡೆ.

ಹೊಸ ವಿಭಾಗದಲ್ಲಿ ಮೂವರು ಡಿಪ್ಲೊಮಾ ಹುಡುಗರು. ನನ್ನದು ಬರೀ ಬಿ.ಎ. ಅಲ್ಲಿ ಯಾರೂ ಗ್ರಾಹಕರ ಜೊತೆ ಮಾತಾಡುವುದಿಲ್ಲ, ಮಾತಾಡುವಂತೆಯೂ ಇಲ್ಲ. ಪರದೆಯ ಮೇಲೆ ಅಂಕಿಗಳನ್ನು ನೋಡಿ ಪೆಟ್ಟಿಗೆಗೆ ಯಾವ ರೋಗವೆಂದು ಹೇಳಬೇಕು. ಮೊದಲ ವಾರ ಆ ಮೌನದಲ್ಲಿ ನನ್ನ ಕಿವಿಯೇ ನೋಯುತ್ತಿತ್ತು.

ನಾನು ಎತ್ತಿಕೊಂಡದ್ದು ಸೊರಡಿ ಎಂಬ ಹಳ್ಳಿಯ ತಕರಾರು. ದಾಳಿಂಬೆ ತೋಟದ ಒಬ್ಬ ರೈತ. ಆಗಾಗ ಮೋಟರು ತನ್ನಷ್ಟಕ್ಕೆ ತಾನೇ ನಿಂತುಬಿಡುತ್ತದೆ ಎಂಬುದು ಅವರ ದೂರು. ಪೆಟ್ಟಿಗೆಯನ್ನು ಎರಡು ಸಲ ಬದಲಿಸಿ ಕೊಟ್ಟಾಗಿತ್ತು, ಹೊಸದೂ ಹಾಗೇ ನಿಲ್ಲುತ್ತಿತ್ತು. ಪೆಟ್ಟಿಗೆಗೆ ಎರಡು ಫೋನ್ ನಂಬರು ಜೋಡಿಸಿದ್ದರು, ಮೊದಲನೆಯದು ರೈತರದು, ಎರಡನೆಯದು ಅವರ ತಾಯಿಯದು. ನಿಂತಾಗಲೆಲ್ಲ ಎರಡನೇ ನಂಬರಿನಿಂದ ಬಂದ್ ಮಾಡಿದ ದಾಖಲೆ ಇತ್ತು. ಆದರೆ ಹುಡುಗರು ಅದನ್ನು ನಂಬಿರಲಿಲ್ಲ. ತಾಯಿಗೆ ಫೋನು ಎತ್ತುವುದಷ್ಟೇ ಗೊತ್ತು, ಮಾಡಲು ಬರುವುದಿಲ್ಲ ಎಂದು ಮಗನೇ ಹೇಳಿದ್ದರಂತೆ. ಹಾಗಾದರೆ ಪೆಟ್ಟಿಗೆಯೇ ಸುಳ್ಳು ಬರೆಯುತ್ತಿದೆ ಎಂದು ಇವರು ತೀರ್ಮಾನಿಸಿದ್ದರು. ಸರಿಯಾಗಿ ಹದಿನಾಲ್ಕು ದಿನಕ್ಕೊಮ್ಮೆ ಬರುವ ಆ ರೋಗಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರನ್ನೂ ಇಟ್ಟಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನಾನು ಕೆಳಗಿನ ಗೊಬ್ಬರದ ಅಂಗಡಿಯಿಂದ ಒಂದು ಕ್ಯಾಲೆಂಡರ್ ತಂದು, ಮೋಟರು ನಿಂತ ದಿನಗಳಿಗೆ ಪೆನ್ನಿನಿಂದ ಸುತ್ತು ಹಾಕಿದೆ. ಎಲ್ಲವೂ ಸೋಮವಾರ. ನಡುವಿನ ಸೋಮವಾರಗಳು ಯಾಕೆ ಖಾಲಿ ಎಂಬುದಕ್ಕೂ ಡಿಪ್ಲೊಮಾ ಬೇಕಿರಲಿಲ್ಲ. ಹೊಲದ ಲೈಟು, ಅಂದರೆ ಮೋಟರಿನ ಕರೆಂಟು, ಒಂದು ವಾರ ಹಗಲು ಬಂದರೆ ಮುಂದಿನ ವಾರ ರಾತ್ರಿ. ರಾತ್ರಿ ಲೈಟಿನ ವಾರ ಹಗಲು ಮೋಟರು ಓಡುವುದೇ ಇಲ್ಲ, ಹಗಲು ಲೈಟಿರುವ ಸೋಮವಾರ ಮಾತ್ರ ಓಡುತ್ತಿದ್ದದ್ದು ನಿಲ್ಲುತ್ತಿತ್ತು.

ನಮ್ಮ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಬಿತ್ತನೆಯ ಹದ ಹೋಗುತ್ತಿದ್ದರೂ ಇಡುತ್ತಿರಲಿಲ್ಲ, ಅದು ಬಸವಣ್ಣನ ದಿನ. ಎತ್ತು ಮಾರಿ ಟ್ರ್ಯಾಕ್ಟರ್ ತಂದ ಮೇಲೂ ಅಪ್ಪ ಸೋಮವಾರ ಅದನ್ನು ಹೊರಗೆ ತೆಗೆಯಲಿಲ್ಲ. ಕಬ್ಬಿಣಕ್ಕೆಂಥ ದಣಿವು ಎಂದು ನಾವು ನಕ್ಕರೆ, "ನಿಮಗ ರವಿವಾರ ಸೂಟಿ ಬೇಕು, ಅದಕ್ಕ ಬ್ಯಾಡೇನು?" ಎಂದು ಗದರುತ್ತಿದ್ದ. ಕ್ಯಾಲೆಂಡರ್ ಮುಂದೆ ಕುಳಿತು ನಾನು ಒಬ್ಬಳೇ ನಕ್ಕೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮುಂದಿನ ಸೋಮವಾರ ಹಗಲು ಲೈಟಿತ್ತು. ಎಂಟು ಗಂಟೆಗೆ ಮಗ ಮೋಟರು ಚಾಲೂ ಮಾಡಿದ್ದು ಪರದೆಯ ಮೇಲೆ ಕಂಡಿತು. ಒಂಬತ್ತಕ್ಕೆ ಎರಡನೇ ನಂಬರಿನಿಂದ ಬಂದ್. ನಾನು ಚಹಾದ ನೆಪದಲ್ಲಿ ಎದ್ದು ಮೆಟ್ಟಿಲ ಮೇಲೆ ನಿಂತು, ನಿಯಮವನ್ನು ಗಾಳಿಗೆ ತೂರಿ, ಆ ಎರಡನೇ ನಂಬರಿಗೆ ಫೋನು ಹಚ್ಚಿದೆ.

"ಆಯಿ, ಆರಾಮ ಅದೀರೇನ್ರಿ? ಮೋಟರಿನ ಕಂಪನಿಯಿಂದ ಮಾತಾಡಾಕತ್ತೀನಿ."

"ಆರಾಮ ಅದೀನಿ ಯವ್ವಾ. ನಿಮ್ಮ ಕಡೆ ಮಳಿ ಆತೇನು?"

ಮಳೆ, ಜೋಳ, ನನ್ನ ಊರು, ನನ್ನ ಮದುವೆ ಎಲ್ಲ ಮುಗಿದ ಮೇಲೆ ಕೇಳಿದೆ. "ಈಗ ಮೋಟರ್ ಬಂದ್ ಮಾಡಿದವರು ನೀವ ಏನ್ರಿ?"

"ಮತ್ಯಾರ ಮಾಡ್ತಾರ?" ಎಂದಳು ಮುದುಕಿ, ಒಂದಿಷ್ಟೂ ಅಳುಕಿಲ್ಲದೆ. "ಎತ್ತಿಗೆ ಸೋಮಾರ ಬಿಡುವು. ಭಾವಿಗೆ ಬ್ಯಾಡೇನು? ಮಗ ಆರು ದಿನ ನೀರ ಜಗ್ಗತಾನ, ಒಂದಿನ ಅದೂ ಉಸರ ಬಿಡ್ಲಿ."

ಪೆಟ್ಟಿಗೆ ಕೂಡಿಸಲು ಬಂದವನು ಹೇಳಿಕೊಟ್ಟಿದ್ದನಂತೆ. ಏನಾದರೂ ಅನಾಹುತವಾದರೆ ಒಂಬತ್ತನ್ನು ಒತ್ತಿ ಹಿಡಿ, ಪೆಟ್ಟಿಗೆಗೆ ಫೋನು ಹೋಗುತ್ತದೆ, ಅದರೊಳಗಿನ ಹೆಣ್ಣುಮಗಳು ಮಾತಾಡಿದ ಕೂಡಲೇ ಎರಡು ಒತ್ತು, ಮೋಟರು ನಿಲ್ಲುತ್ತದೆ. ಫೋನಿನಲ್ಲಿ ಅವಳಿಗೆ ಬರುತ್ತಿದ್ದ ವಿದ್ಯೆ ಅದೊಂದೇ.

"ಮತ್ತ ಮಗಗ ಹೇಳಿಲ್ಲಲ್ರಿ ನೀವು?"

"ಅಂವ ನನ್ನ ಕೇಳಿದ್ರ ಹೇಳ್ತಿದ್ನಿ. ಪೆಟ್ಟಿಗಿ ಕೆಟ್ಟೈತಿ ಅಂತ ತಾನ ಅಂದ. ನಾ ಸುಮ್ಮನಾದ್ನಿ."

ಇದನ್ನು ಮಗನಿಗೆ ಹೇಳಲೇಬೇಕು, ನನ್ನ ಕೆಲಸ ಇದರ ಮೇಲೆ ನಿಂತಿದೆ ಎಂದೆ. "ಹೇಳು. ನಾ ಏನ ಕದ್ದೀನೇನು?" ಎಂದು ಫೋನಿಟ್ಟಳು.

ಮಗ ಸುದ್ದಿ ಕೇಳಿ ನಕ್ಕರು. ಹಾಗಾದರೆ ಸೋಮವಾರ ಮೋಟರಿಗೆ ಕೈಯೇ ಹಚ್ಚುವುದಿಲ್ಲ, ಮರೆತು ಚಾಲೂ ಮಾಡಿದರೂ ಆಗದ ಹಾಗೆ ನೀವೇ ಬೀಗ ಹಾಕಿಬಿಡಿ ಎಂದರು. ಪರದೆಯ ಮೇಲಿಂದಲೇ ಆಗುವ ಎರಡು ನಿಮಿಷದ ಕೆಲಸ, ಹಾಕಿದೆ. ಸಾಹೇಬರಿಗೆ ಕ್ಯಾಲೆಂಡರ್ ತೋರಿಸಿದಾಗ ಅವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಒಂದು ತಿಂಗಳು ಆ ಎರಡನೇ ನಂಬರಿನಿಂದ ಬಂದ್ ಆದ ದಾಖಲೆ ಬರದಿದ್ದರೆ ತಕರಾರು ಮುಗಿದಂತೆ, ನಿಮ್ಮ ಕೆಲಸವೂ ಕಾಯಂ ಎಂದರು. ಹುಡುಗರಲ್ಲಿ ಒಬ್ಬ ನನಗೆ ಚಹಾ ತಂದುಕೊಟ್ಟ. ನಾನು ದೊಡ್ಡಸ್ತಿಕೆಯಿಂದಲೇ ಕುಡಿದೆ, ಸುಳ್ಳು ಯಾಕೆ ಹೇಳಲಿ.

ಹಗಲು ಲೈಟಿನ ಮುಂದಿನ ಸೋಮವಾರ ಮೋಟರು ಚಾಲೂ ಆಗಲಿಲ್ಲ, ಬಂದ್ ಆಗುವ ಪ್ರಶ್ನೆಯೂ ಬರಲಿಲ್ಲ. ಇನ್ನೊಂದು ಸೋಮವಾರ ಹೀಗೇ ದಾಟಿದರೆ ಗೆದ್ದೆ. ಮಧ್ಯಾಹ್ನ ನನ್ನ ಫೋನಿಗೆ ಆ ಮುದುಕಿಯ ಕರೆ ಬಂತು. ಯಾರನ್ನೋ ಕೇಳಿ ಹಚ್ಚಿಸಿಕೊಂಡಿದ್ದಳು.

"ಯವ್ವಾ, ನಿನ್ನ ಪೆಟ್ಟಿಗಿ ನನ್ನ ಮಾತ ಕೇಳವಲ್ದು. ಎರಡು ಒತ್ತಿದ್ರ, ಮೊದಲ ಬಂದ್ ಐತಿ ಅಂತೈತಿ."

"ಹೌದ್ರಿ ಆಯಿ. ಇನ್ನ ಸೋಮಾರ ತಾನ ಬಿಡುವು ಇರ್ತೈತಿ. ನಿಮಗ ತ್ರಾಸ ಇಲ್ಲ."

"ತ್ರಾಸ ಆಗ್ತೈತಿ ಅಂತ ನಾ ಯಾವಾಗ ಅಂದ್ನಿ? ಎತ್ತು ಹ್ವಾದುವು. ಒಲಿ ಸೊಸಿ ತಗೊಂಡ್ಲು, ಹಂಗ ಆಗ್ಬೇಕು, ಅದಕ್ಕ ಬ್ಯಾಸರ ಇಲ್ಲ. ಆದ್ರ ಇಡೀ ಹೊಲದಾಗ ನಾ ಮಾಡೂ ಕೆಲಸ ಅಂತ ಅದೊಂದ ಉಳದಿತ್ತು. ಅದನ್ನೂ ನೀ ಪೆಟ್ಟಿಗಿ ಕೈಯಾಗ ಕೊಟ್ಟಿ."

ನನಗೆ ನಾಚಿಕೆಯಾಯಿತು. ನನ್ನ ಕುರ್ಚಿಯಿಂದ ನನ್ನನ್ನು ಎಬ್ಬಿಸಿದಾಗ ನೆತ್ತಿಗೇರುವಷ್ಟು ಸಿಟ್ಟಾದವಳು, ಎರಡು ನಿಮಿಷದಲ್ಲಿ ಇನ್ನೊಬ್ಬಳನ್ನು ಎಬ್ಬಿಸಿದ್ದೆ. ಬೀಗ ಹಾಗೇ ಬಿಟ್ಟರೆ ಎರಡು ವಾರಕ್ಕೆ ನನ್ನ ಕೆಲಸ ಕಾಯಂ. ತೆಗೆದರೆ ದಾಖಲೆಯಲ್ಲಿ ಮತ್ತೆ ಅದೇ ನಂಬರು ಬರುತ್ತದೆ, ತಕರಾರು ಮತ್ತೆ ನನ್ನ ತಲೆಗೆ. ಯೋಚಿಸಿದೆ, ಇಲ್ಲವೆನ್ನುವುದಿಲ್ಲ. ಆದರೆ ಬಹಳ ಹೊತ್ತಲ್ಲ. ಮಗನಿಗೆ ಫೋನು ಮಾಡಿ ಅವ್ವ ಹೇಳಿದ್ದನ್ನು ಹೇಳಿದೆ. ಅವರು ಈ ಸಲ ನಗಲಿಲ್ಲ, "ತಗದ ಬಿಡ್ರಿ ಅಕ್ಕಾರ" ಎಂದಷ್ಟೇ ಅಂದರು. ತೆಗೆದೆ.

ಎರಡು ವಾರ ಕಳೆದು ಹಗಲು ಲೈಟಿನ ಸೋಮವಾರ ಬಂತು. ಎಂಟಕ್ಕೆ ಮೊದಲನೇ ನಂಬರಿನಿಂದ ಚಾಲೂ. ಎಂಟು ಹತ್ತಕ್ಕೆ ಎರಡನೇ ನಂಬರಿನಿಂದ ಬಂದ್. ಬೇರೆಯವರು ಹೇಳುವ ಮೊದಲು ನಾನೇ ಸಾಹೇಬರನ್ನು ಕರೆದು ಪರದೆ ತೋರಿಸಿದೆ.

"ಅಂದರೆ ಮತ್ತೆ ನಿಂತಿತಲ್ಲ?" ಎಂದರು.

"ನಿಂತಿತು. ನಿಲ್ಲಬೇಕಾದ್ದೇ" ಎಂದೆ. "ಇದು ಪೆಟ್ಟಿಗೆಯ ರೋಗ ಅಲ್ಲ ಸಾಹೇಬ, ಆ ಮನೆಯ ರೀತಿ. ಬೇಕಾದರೆ ಅವರನ್ನೇ ಕೇಳಿ."

ಅವರು ನಂಬಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ಮಗನಿಗೆ ತಾವೇ ಫೋನು ಮಾಡಿದರು. ಮೋಟರಿನ ಬಗ್ಗೆ ತಕರಾರು ಇದೆಯೇ ಎಂದು ಮರಾಠಿಯಲ್ಲಿ ಕೇಳಿದರು. ಇಲ್ಲ ಎಂದು ಉತ್ತರ ಬಂತು. ಸೋಮವಾರ ನೀರು ಬಿಡುವುದೇ ಇಲ್ಲವೆಂದ ಮೇಲೆ ಬೆಳಿಗ್ಗೆ ಚಾಲೂ ಮಾಡುವುದಾದರೂ ಯಾಕೆ ಎಂದು ಸಾಹೇಬರು ಕೇಳಿದರು. ಆ ಮನುಷ್ಯ ಮರಾಠಿ ಬಿಟ್ಟು ಕನ್ನಡಕ್ಕೆ ಬಂದರು.

"ಅವ್ವ ಬಂದ್ ಮಾಡ್ಬೇಕಲ್ರಿ, ಅದಕ್ಕ ಚಾಲೂ ಮಾಡ್ತೀನಿ."

ಸಾಹೇಬರು ನನ್ನ ಕಡೆ ನೋಡಿದರು. ನಾನು ಅದನ್ನು ಮರಾಠಿಯಲ್ಲಿ ಹೇಳಿದೆ. ಅವರು ನನ್ನ ಕೀಲಿಮಣೆಯನ್ನು ತಮ್ಮತ್ತ ಎಳೆದುಕೊಂಡು, ಸೊರಡಿಯ ತಕರಾರಿನ ಮುಂದೆ ಮುಗಿಯಿತು ಎಂದು ಬರೆದರು.