ಕೂಸಿನ ಹಿಟ್ಟಿನ ಕಬ್ಬಿಣ ಅಳೆಯುವ ಕೋಮಲಾ

ಬೆಳಗಿನ ಐದೂವರೆ. ಹಗರಿಬೊಮ್ಮನಹಳ್ಳಿಯ ಬೀಜದಂಗಡಿಯೊಂದರ ಮಹಡಿಯಲ್ಲಿರುವ ಪ್ರಯೋಗಾಲಯದಲ್ಲಿ ಕೋಮಲಾ ವಿದ್ಯುತ್ ಕುಲುಮೆಯ ಬಾಗಿಲು ತೆಗೆಯುತ್ತಾರೆ. ಐನೂರೈವತ್ತು ಡಿಗ್ರಿಯಲ್ಲಿ ಸುಟ್ಟ ಕೂಸಿನ ಹಿಟ್ಟು ಈಗ ಪಿಂಗಾಣಿ ಬಟ್ಟಲ ತಳದಲ್ಲಿ ಒಂದು ಚಿಟಿಕೆ ಬೂದಿ. "ಜೋರಾಗಿ ಉಸುರು ಬಿಡಬ್ಯಾಡ್ರಿ ಸರ, ಹಾರಿ ಹೋಗತೈತಿ" ಎಂದು ನನ್ನನ್ನೇ ಗದರುತ್ತಾರೆ.

ಆ ಬೂದಿಯನ್ನು ಆಮ್ಲದಲ್ಲಿ ಕರಗಿಸಿ ಯಂತ್ರಕ್ಕೆ ಕೊಟ್ಟರೆ ಹಿಟ್ಟಿನಲ್ಲಿ ಕಬ್ಬಿಣವೆಷ್ಟು, ಸತುವೆಷ್ಟು ಎಂದು ಅಂಕಿ ಬರುತ್ತದೆ. ದಿನಕ್ಕೆ ಹನ್ನೆರಡು ಬಟ್ಟಲು, ಹದಿನಾಲ್ಕು ವರ್ಷದಿಂದ. ತಂಬ್ರಹಳ್ಳಿಯ ಈ ಹೆಣ್ಣುಮಗಳು ಇಲ್ಲಿಗೆ ಬಂದದ್ದು ಗಾಜಿನ ಪಾತ್ರೆ ತೊಳೆಯಲು. ಅಳೆಯುವುದನ್ನು ನೋಡಿ ನೋಡಿ ಕಲಿತರು, ನಡುವೆ ಪರೀಕ್ಷೆ ಕಟ್ಟಿ ಡಿಗ್ರಿಯನ್ನೂ ಪಡೆದರು. ವರದಿಯ ಕೆಳಗಿನ ಸಹಿ ಮಾತ್ರ ಈಗಲೂ ಇನ್ನೊಬ್ಬರದು. ಡಬ್ಬಿಯ ಮೇಲಿನ ಅಂಕಿ ನಂಬಿ ಮಗಳಿಗೆ ಉಣಿಸಿದವನು ನಾನು. ಅದರ ಹಿಂದೆ ಇಂಥವರೊಬ್ಬರು ಇರುತ್ತಾರೆಂದು ಒಂದು ದಿನವೂ ಯೋಚಿಸಿರಲಿಲ್ಲ. ನಾಚಿಕೆಯಾಗುತ್ತದೆ.

ಹೊಗಳಲು ಬಾಯಿ ತೆರೆದರೆ ತಡೆಯುತ್ತಾರೆ. "ಬರಿಯೋದಾದ್ರ ನನ್ನ ತಪ್ಪೂ ಬರೀರಿ."

ಹೋದ ವರ್ಷ ಗುಡೇಕೋಟೆ ಕಡೆಯ ಹಳ್ಳಿಯೊಂದರ ಮಹಿಳಾ ಸಂಘ ರಾಗಿ, ಹೆಸರುಕಾಳು, ಶೇಂಗಾ ಹುರಿದು ಬೀಸಿ, ಖನಿಜದ ಪುಡಿ ಬೆರೆಸಿ ಕೂಸಿನ ಹಿಟ್ಟು ಮಾಡತೊಡಗಿತು. ಪರೀಕ್ಷೆಗೆ ಕೇಳಿದ್ದು ಕಬ್ಬಿಣವೊಂದನ್ನೇ. ಅದು ಬೇಕಾದಷ್ಟು ಬಂತು. ರೂಢಿಯಂತೆ ಕೋಮಲಾ ಸತುವನ್ನೂ ನೋಡಿದರು. ಅರ್ಧದಷ್ಟೇ! ಎರಡೂ ಒಂದೇ ಪುಡಿಯಿಂದ ಬರಬೇಕಾದವು; ಒಂದು ಸರಿಯಿದ್ದು ಇನ್ನೊಂದು ಅರ್ಧವಾಗುವಂತಿಲ್ಲ. "ಒಂದು ಫೋನ್ ಹಚ್ಚಿದ್ರ ಮುಗೀತಿತ್ರಿ. ಕೇಳದ್ದನ್ನ ನಾನ್ಯಾಕ ಹೇಳ್ಲಿ ಅಂತ ಸುಮ್ನಾದೆ."

ನಾಲ್ಕು ತಿಂಗಳ ನಂತರ ಅದೇ ಹಿಟ್ಟಿನ ಪೊಟ್ಟಣವೊಂದು ಅಂಗಡಿಯಲ್ಲಿ ಅವರ ಕಣ್ಣಿಗೆ ಬಿತ್ತು. ತಂದು ಅಳೆದರೆ ಕಬ್ಬಿಣವೂ ಅರ್ಧ. ಮರುದಿನವೇ ಬಸ್ಸು ಹತ್ತಿದರು. ಸಂಘದ ಹಿರಿಯೆ ಸುಂಕಮ್ಮ ಮುಚ್ಚುಮರೆ ಮಾಡಲಿಲ್ಲ. ತುಕ್ಕು ಹಿಡಿದ ಕಬ್ಬಿಣದ ಬಾಣಲೆಯನ್ನೇ ತಂದು ತೋರಿಸಿದರು. "ಪರೀಕ್ಷೆಗಂತ ಪ್ಯಾಟಿಗೆ ಹೋಗೋ ಹಿಟ್ಟು ನೋಡವ್ವಾ, ಹುಳ ಬೀಳಬಾರ್ದು ಅಂತ ಇದ್ರಾಗ ಇನ್ನೊಮ್ಮಿ ಹುರಿದು, ಕೆರೆದು ಕಳಿಸಿದ್ವಿ. ನಿಮ್ಮಂಥೋರಿಗೆ ಹಂಗ ಹೆಂಗ ಕೊಡೋದು?" ಮರ್ಯಾದೆಗೆಂದು ಮಾಡಿದ ಕೆಲಸ! ಕೋಮಲಾ ಅಂದು ಅಳೆದದ್ದು ಬಾಣಲೆಯ ತುಕ್ಕನ್ನು. ಪುಡಿ ಹೆಚ್ಚಾದರೆ ಕೂಸಿಗೆ ಉಷ್ಣವಾದೀತೆಂದು ಹೆದರಿ ಅರ್ಧವೇ ಬೆರೆಸುತ್ತಿದ್ದುದೂ ಆಗ ಹೊರಬಿತ್ತು.

ಈಗ ಪುಡಿಯ ಅಳತೆ ಸರಿಯಾಗಿದೆ. ಬಿಚ್ಚದ ಪೊಟ್ಟಣವನ್ನಷ್ಟೇ ಕೋಮಲಾ ಪರೀಕ್ಷೆಗೆ ತೆಗೆದುಕೊಳ್ಳುತ್ತಾರೆ, ಕೇಳದ ಸತುವನ್ನೂ ಬರೆದು ಕಳಿಸುತ್ತಾರೆ. ಆದರೆ ಆ ಹಳ್ಳಿಯ ಇಪ್ಪತ್ತಮೂರು ಕೂಸುಗಳ ನಾಲ್ಕು ತಿಂಗಳನ್ನು ಯಾರು ವಾಪಸ್ ಕೊಡುತ್ತಾರೆ?

ಅಂದು ಸಂಘದ ಬಾಗಿಲಲ್ಲಿ ಗೀತಾಂಜಲಿ ಎಂಬ ತಾಯಿ, ಬಿಳಿಚಿಕೊಂಡ ಕೂಸನ್ನು ಸೊಂಟದ ಮೇಲಿಟ್ಟುಕೊಂಡೇ ಇವರ ಕೈ ಹಿಡಿದರಂತೆ. "ಹಿಟ್ಟು ಚಲೋ ಐತಿ ಅಂತ ನೀವ ಹೇಳಿದ್ರಂತಲ್ರಿ, ಅದಕ ಒಂದು ಹೊತ್ತೂ ತಪ್ಪಿಸಿಲ್ಲ ನೋಡ್ರಿ" ಅಂದರಂತೆ. ಕೋಮಲಾ ತಲೆಯಾಡಿಸಿ ಬಂದುಬಿಟ್ಟರು.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಕೈಯಲ್ಲಿದ್ದ ಬಟ್ಟಲು ಕೆಳಗಿಡುತ್ತಾರೆ.

"ಆಕಿ ಮುಂದ ಕುಂತು, ತಪ್ಪು ನಂದವ್ವಾ ಅನ್ಬೇಕ್ರಿ. ಎರಡು ಸಲ ಬಸ್‌ಸ್ಟ್ಯಾಂಡ್‌ತನಕ ಹೋಗಿ ವಾಪಸ್ ಬಂದೀನಿ."