ಹಗೇವಿನಲ್ಲಿ ಅಡಗಿದ ಗೆಳೆಯ

ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಜಲನಗರದ ನಮ್ಮ ಮನೆಯ ಮಹಡಿಯಲ್ಲಿ ನಾವು ಮೂವರು ಆಟಕ್ಕೆ ಕೂರುತ್ತಿದ್ದೆವು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಇನ್ನೊಬ್ಬನದು ಬಬಲೇಶ್ವರದಲ್ಲಿ ಬೀಜ ಗೊಬ್ಬರದ ಅಂಗಡಿ, ಅವನನ್ನು ನಾವು ಸಾವಕಾರ ಎಂದೇ ಕರೆಯುತ್ತಿದ್ದೆವು. ಮೂರನೆಯವನು ತಿಕೋಟಾದ ದನದ ದವಾಖಾನೆಯಲ್ಲಿ ಕೆಲಸಕ್ಕಿದ್ದ. ಬಿಜ್ಜರಗಿಯಲ್ಲಿ ಕುರಿ ಸಾಕುವ ಮನೆತನದಲ್ಲಿ ಹುಟ್ಟಿದವನು. ಈಗ ಬರೆಯುತ್ತಿರುವುದು ಈ ಗೆಳೆಯನ ಬಗ್ಗೆ.

ಪುಣೆಯಲ್ಲಿ ಓದುವಾಗ ನಾನು ಕಲಿತು ಬಂದ ಆಟ ಅದು. ಮಣೆ ಇಲ್ಲ, ಕಾಯಿ ಇಲ್ಲ. ಒಬ್ಬ ಕಥೆ ನಡೆಸುತ್ತಾನೆ. ಕಾಡು, ಕೋಟೆ, ರಾಕ್ಷಸರು, ದುಷ್ಟ ರಾಜ, ಎಲ್ಲವೂ ಅವನ ಮಾತಿನಲ್ಲೇ ಹುಟ್ಟಬೇಕು. ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ ತಾವು ಏನು ಮಾಡುತ್ತೇವೆ ಎಂದು ಹೇಳುತ್ತ ಹೋಗುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಕಥೆ ನಡೆಸುವವನು ನಾನು. ಸಾವಕಾರ ಕತ್ತಿ ಹಿಡಿದ ಸರದಾರ. ಗೆಳೆಯ ಕಳ್ಳ.

ಕಳ್ಳನ ಬದುಕೆಲ್ಲ ಅಡಗುವುದರ ಮೇಲೆ ನಿಂತದ್ದು. ಹೀಗಾಗಿ ನಮ್ಮಲ್ಲಿ ಅತಿ ಹೆಚ್ಚು ಜಗಳವಾಗುತ್ತಿದ್ದದ್ದು ಅಡಗುವ ಮತ್ತು ಕಾಣುವ ನಿಯಮಗಳ ಬಗ್ಗೆ. ಅಡಗುವವನು ದಾಳ ಹಾಕಬೇಕು, ಹುಡುಕುವವನೂ ಹಾಕಬೇಕು, ಯಾರದು ಹೆಚ್ಚೋ ಅವರದು ಗೆಲುವು. ಕೇಳಲಿಕ್ಕೆ ಸರಳ. ಆದರೆ ಗೆಳೆಯ ದಾಳ ಹಾಕಿ ಎರಡು ಬಿದ್ದರೆ, 'ನಾ ಇಲ್ಲಿ ಅಡಗಂಗಿಲ್ಲ, ಓಡತೇನಿ' ಎನ್ನುತ್ತಿದ್ದ. ಸಾವಕಾರ ಸಿಟ್ಟಿಗೇಳುತ್ತಿದ್ದ.

"ಲೇ, ಗ್ವಾಡಿ ಹಿಂದ ಕುಂತಾಂವಗ ತಾ ಕಾಣಸ್ತೇನಿ ಅನ್ನೂದು ಹೆಂಗ ಗೊತ್ತಾಕ್ಕೈತೋ?"

ಒಂದು ಭಾನುವಾರ ಗೆಳೆಯ ಒಪ್ಪಿಕೊಂಡ. "ಖರೇ ಐತಿ. ತೋಳ ಹಟ್ಟಿ ಹತ್ರ ಬರುವಾಗ ನಾ ಯಾರಿಗೂ ಕಾಣವಲ್ಲೆ ಅಂತನ ತಿಳಕೊಂಡು ಬರತೈತಿ. ಗಾಳಿ ತಿರುಗಿ ವಾಸನಿ ಕುರಿಗೋಳಿಗೆ ಹೋಗಿದ್ದು ಅದಕ್ಕೇನ ಗೊತ್ತು? ಮಾಸ್ತರ, ಇನ್ನ ಮ್ಯಾಲ ನನ್ನ ದಾಳ ನೀ ಹಾಕು. ಹಳಗಿ ಹಿಂದ ಹಾಕು. ಏನ ಬಿತ್ತು ಅನ್ನೂದು ನನಗ ಹೇಳಬ್ಯಾಡ."

ಹಳಗಿ ಎಂದರೆ ಹಳೆಯ ಕ್ಯಾಲೆಂಡರಿನ ದಪ್ಪ ರಟ್ಟು. ಅದನ್ನು ಮಡಿಚಿ ನನ್ನ ಮುಂದೆ ನಿಲ್ಲಿಸಿಕೊಳ್ಳುತ್ತಿದ್ದೆ. ಅಂದಿನಿಂದ ಅಡಗುವ ದಾಳಗಳೆಲ್ಲ ಅದರ ಹಿಂದೆ ಬಿದ್ದವು. ಅಡಗಿದವನಿಗೆ ತಾನು ಎಷ್ಟು ಚೆನ್ನಾಗಿ ಅಡಗಿದ್ದೇನೆಂದು ಗೊತ್ತಾಗುತ್ತಿರಲಿಲ್ಲ. ಯಾರಾದರೂ ಹುಡುಕಿಕೊಂಡು ಬಂದು, ಅವರ ದಾಳ ಬೀಳುವವರೆಗೆ ಆ ಸಂಖ್ಯೆ ನನ್ನೊಬ್ಬನಲ್ಲೇ ಇರುತ್ತಿತ್ತು. ಇನ್ನೊಂದು ಮಾತನ್ನೂ ಅವನು ನನ್ನಿಂದ ತೆಗೆದುಕೊಂಡ. ಬಿದ್ದದ್ದು ಬಿದ್ದಂತೆ ಇರಬೇಕು. ಅಯ್ಯೋ ಪಾಪ ಎಂದು ಸಂಖ್ಯೆ ತಿದ್ದಬಾರದು. "ತಿದ್ದಿದಿ ಅಂದ್ರ ಇದು ಆಟ ಅಲ್ಲ, ಹುಡುಗೂರ್ನ ರಮಿಸಿದಂಗ" ಎಂದ.

ಅವನಿಗೆ ಜ್ವರ ಬಿಟ್ಟು ಬಿಟ್ಟು ಬರತೊಡಗಿದ್ದು ಒಂದು ಚಳಿಗಾಲದಲ್ಲಿ. ವಸಡಿನಲ್ಲಿ ರಕ್ತ ಬರುತ್ತಿತ್ತು. ಪರೀಕ್ಷೆ ಮಾಡಿಸಿದಾಗ ರಕ್ತದ ಕ್ಯಾನ್ಸರ್ ಎಂದರು. ಮೊದಲು ನಮ್ಮ ನಗರದ ಆಸ್ಪತ್ರೆ, ಆಮೇಲೆ ಸೊಲ್ಲಾಪುರ, ಮತ್ತೆ ನಗರ. ನಡುವೆ ಸ್ವಲ್ಪ ಚೇತರಿಸಿಕೊಂಡಾಗ ಎರಡು ಭಾನುವಾರ ಮಹಡಿ ಹತ್ತಿ ಬಂದ. ತಲೆಯಲ್ಲಿ ಕೂದಲಿರಲಿಲ್ಲ, ಉಣ್ಣೆಯ ಟೋಪಿ ಹಾಕಿದ್ದ. ಹತ್ತುವಾಗ ಅರ್ಧಕ್ಕೆ ಕೂತು, ನಮ್ಮನ್ನು ಮೇಲೆ ಹೋಗಲು ಹೇಳಿ, ಹಿಂದಿನಿಂದ ನಿಧಾನಕ್ಕೆ ತಾನೇ ಬಂದ. ಮುಂದೆ ಅದೂ ಆಗಲಿಲ್ಲ.

ಕಡೆಯ ಆಟ ತಿಕೋಟಾದಲ್ಲಿ ಅವನ ಮನೆಯಲ್ಲೇ ನಡೆಯಿತು. ನಾನು, ಸಾವಕಾರ ಅವನ ಮಂಚದ ಎರಡೂ ಬದಿಗೆ ಕುರ್ಚಿ ಹಾಕಿಕೊಂಡೆವು. ಅವನ ಹೆಂಡತಿಯನ್ನು ನಾನು ವೈನಿ ಎನ್ನುತ್ತೇನೆ. ಆಕೆ ಚಹಾ ತಂದಿಟ್ಟು, "ಇಷ್ಟ ದೊಡ್ಡವರಾಗಿ ಕಳ್ಳ ಪೊಲೀಸ್ ಆಡತಾರ ನೋಡ್ರಿ" ಎಂದು ಬಾಗಿಲ ಬಳಿ ಒಂದು ಗಳಿಗೆ ನಿಂತು ಒಳಗೆ ಹೋದಳು.

ಕಥೆಯಲ್ಲಿ ನಾವು ಒಂದು ಹಾಳು ಕೋಟೆಯೊಳಗಿದ್ದೆವು. ರಾಜನ ಸೈನಿಕರು ಬಾಗಿಲು ಒಡೆದು ಒಳಗೆ ನುಗ್ಗಿದ್ದರು. ಸಾವಕಾರನ ಸರದಾರನಿಗೆ ಗಾಯವಾಗಿತ್ತು. ಅಂಗಳದಲ್ಲಿ ಒಂದು ಹಳೆಯ ಹಗೇವು ಇದೆ ಎಂದು ನಾನು ಹೇಳಿದೆ. ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ, ಬಾಯಿ ಸಣ್ಣದು, ಒಳಗೆ ಕತ್ತಲೆ. ಗೆಳೆಯ ದಿಂಬಿನಿಂದ ತಲೆ ಎತ್ತಿದ.

"ಸಾವಕಾರ, ನೀ ಹಿಂದಿನ ಅಗಸಿ ಬಾಗಲದಿಂದ ಹೋಗು. ನಾ ಹಗೇವಿನ್ಯಾಗ ಇಳೀತೇನಿ. ಅವರು ನನ್ನ ಹುಡಕ್ಕೋತ ನಿಂದರ್ಲಿ."

"ಬ್ಯಾಡೋ, ಇಬ್ರೂ ಹೋಗೂಣು" ಎಂದ ಸಾವಕಾರ.

"ಹೇಳಿದಷ್ಟ ಕೇಳು."

ನಾನು ರಟ್ಟಿನ ಹಿಂದೆ ದಾಳ ಉರುಳಿಸಿದೆ. ಇಪ್ಪತ್ತು ಬಿತ್ತು. ಅದರ ಮೇಲೆ ಕಳ್ಳನಿಗೆ ಅವನ ಚಾಣಾಕ್ಷತನದ ಅಂಕ ಬೇರೆ ಕೂಡುತ್ತದೆ. ಆ ಕೋಟೆಯಲ್ಲಿದ್ದ ಯಾವ ಸೈನಿಕನ ದಾಳವೂ ಅದನ್ನು ಮುಟ್ಟುವಂತಿರಲಿಲ್ಲ. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಹೆಂಗ ಬಿತ್ತೋ?"

"ಹೇಳಂಗಿಲ್ಲಲ್ಲ."

"ಹೌದಪ್ಪ, ಹೇಳಬ್ಯಾಡ" ಎಂದು ನಕ್ಕ. ಹೇಳಿಬಿಡಬೇಕೆಂದು ನಾಲಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅವನು ದಣಿದು ಕಣ್ಣು ಮುಚ್ಚಿಕೊಂಡ. ಉಳಿದದ್ದು ಬರುವ ಭಾನುವಾರಕ್ಕೆ ಎಂದು ಎದ್ದೆವು.

ಆ ವಾರ ಮುಗಿಯುವ ಮೊದಲೇ ಅವನು ಹೋದ. ಬಿಜ್ಜರಗಿಯಲ್ಲಿ ಅವರ ಹೊಲದ ಬದುವಿಗೆ ಮಣ್ಣು ಮಾಡಿದೆವು. ಪಕ್ಕದ ದ್ರಾಕ್ಷಿ ಪಡದಲ್ಲಿ ಔಷಧ ಹೊಡೆಯುತ್ತಿದ್ದ ಆಳುಗಳು ಪಂಪು ನಿಲ್ಲಿಸಿ, ಮುಖಕ್ಕೆ ಕಟ್ಟಿದ ಬಟ್ಟೆ ಬಿಚ್ಚಿ ಬಂದು ನಿಂತರು. ಸಾವಕಾರ ನನ್ನ ಹೆಗಲು ಹಿಡಿದುಕೊಂಡೇ ಇದ್ದ.

ಆಮೇಲೆ ನಾವಿಬ್ಬರೂ ಆಟದ ಮಾತು ಎತ್ತಲಿಲ್ಲ. ಮಳೆಗಾಲ ಕಳೆದ ಮೇಲೆ ಒಂದು ದಿನ ವೈನಿಯ ಫೋನು ಬಂತು.

"ಮಾಸ್ತರ, ಇವರ ಆಟ ಎಲ್ಲಿಗೆ ನಿಂತೈತ್ರಿ?"

ಇದ್ದದ್ದನ್ನೇ ಹೇಳಿದೆ. ಹಗೇವಿನಲ್ಲಿ ಅಡಗಿದ್ದಾನೆ, ಹುಡುಕುವವರು ಇನ್ನೂ ಬಂದಿಲ್ಲ.

"ಹಂಗಾರ ನಾ ಬರತೇನ್ರಿ. ನನಗೂ ಕಲಸ್ರಿ."

ಆ ಭಾನುವಾರ ಆಕೆ ತಿಕೋಟಾದಿಂದ ಬಸ್ಸಿಗೆ ಬಂದಳು. ಸಾವಕಾರನನ್ನೂ ಕರೆಸಿದ್ದೆ. ವೈನಿ ಗೆಳೆಯ ಕೂರುತ್ತಿದ್ದ ಜಾಗ ಯಾವುದೆಂದು ಕೇಳಿ, ಅಲ್ಲಿ ಕೂರದೆ ಅದರ ಪಕ್ಕ ಕೂತಳು. ನಾನು ನಿಯಮ ವಿವರಿಸಿದೆ. ಆಕೆ ಕುರಿ ಕಾಯುವ ಹೆಂಗಸಿನ ಪಾತ್ರ ತೆಗೆದುಕೊಂಡಳು.

"ಕೋಟಿಯೊಳಗ ಬಂದೇನಿ. ಆ ಹಗೇವಿನ ಬಾಯಿಗೆ ಬಂದು ಬಗ್ಗಿ ನೋಡಾಕತ್ತೇನಿ" ಎಂದಳು. ಧ್ವನಿ ಗಟ್ಟಿಯಾಗಿತ್ತು.

ಸಿಗುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ದಾಳ ಕೈಗೆ ಕೊಟ್ಟೆ. ಆಕೆ ಅದನ್ನು ಎರಡೂ ಅಂಗೈ ನಡುವೆ ಹಿಡಿದು, ದೇವರ ಮುಂದೆ ಅಕ್ಕಿಕಾಳು ಹಾಕುವಂತೆ ಮೆಲ್ಲಗೆ ಬಿಟ್ಟಳು. ಹನ್ನೆರಡು.

"ಬಗ್ಗಿ ನೋಡತೀರಿ ವೈನಿ" ಎಂದೆ. "ಕತ್ತಲಿ ಐತಿ. ಹಳೇ ಜ್ವಾಳದ ವಾಸನಿ ಬರತೈತಿ. ಕೂಗತೀರಿ. ನಿಮ್ಮ ದನೀನ ತಿರುಗಿ ಬರತೈತಿ. ಒಳಗ ಯಾರೂ ಕಾಣವಲ್ರು."

ಸಾವಕಾರ ಎದ್ದೇ ನಿಂತ. "ಸಿಕ್ಕಾನ ಅಂತ ಹೇಳಿದ್ರ ನಿನ್ನ ಗಂಟೇನು ಹೋಗತಿತ್ತಲೇ? ಕಲ್ಲಂಥಾ ಮನಶ್ಯಾ ನೀನು!"

ತಿದ್ದಬೇಡ ಎಂದು ಮಾತು ತೆಗೆದುಕೊಂಡವನು ಗೆಳೆಯನೇ ಎಂದು ನಾನು ನೆನಪಿಸಲಿಲ್ಲ. ವೈನಿ ಕೈಯೆತ್ತಿ ಸಾವಕಾರನನ್ನು ಕೂರಿಸಿದಳು.

"ನನಗ ಸಿಗಲಿಲ್ಲ ಅಂದ್ರ, ಆ ಸೈನಿಕರಿಗೂ ಸಿಗಂಗಿಲ್ಲೇನ್ರಿ?"

"ಇಲ್ರಿ. ಯಾರಿಗೂ ಸಿಗಂಗಿಲ್ಲ."

"ಖರೇನಾ?"

ರಟ್ಟು ಸರಿಸಿ, ಅಂದು ಅವನಿಗೆ ಇಪ್ಪತ್ತು ಬಿದ್ದಿತ್ತೆಂದು ಹೇಳಿದೆ. ಆಟ ಅಲ್ಲಿಗೆ ಮುಗಿದಿತ್ತು, ಹೇಳಬಹುದಾಗಿತ್ತು.

ಆಕೆ ಸೆರಗು ಬಾಯಿಗೆ ಒತ್ತಿಕೊಂಡಳು. "ದವಾಖಾನ್ಯಾಗ ದಿನಾ ಮುಂಜಾನೆ ಸೂಜಿ ಹಿಡಕೊಂಡು ಬರತಿದ್ರು. ಇವರು ಮಾರಿ ತುಂಬ ಚಾದರ ಎಳಕೊಂಡು, ನಾ ಇಲ್ಲ ಅಂತ ಹೇಳು ಅಂತಿದ್ರು. ನಾ ಚಾದರ ತಗದು ಕೈ ತೋರಸ್ತಿದ್ನಿ. ನರ ಸಿಗದಿದ್ರ ಮತ್ತ ಆ ಕೈ, ಮತ್ತ ಈ ಕೈ..." ಅಲ್ಲಿಗೆ ನಿಲ್ಲಿಸಿ ಅತ್ತಳು. ಸಾವಕಾರನೂ ಅತ್ತ. "ಸಿಗದಿದ್ರ ಇರ್ಲಿ ಬಿಡ್ರಿ" ಎಂದಳು ಕಡೆಗೆ. "ಅಲ್ಲೇ ಇರ್ಲಿ. ಇನ್ನ ಯಾರೂ ಹುಡಕೂದು ಬ್ಯಾಡ."

ಆ ಕಥೆಯನ್ನು ನಾವು ಮುಂದುವರಿಸಲಿಲ್ಲ. ಸಾವಕಾರ ನನ್ನೊಡನೆ ಕೆಲವು ತಿಂಗಳು ಮಾತು ಬಿಟ್ಟಿದ್ದ. ಈಗ ಬೀಜದ ಸ್ಟಾಕು ತರಲು ನಗರಕ್ಕೆ ಬಂದಾಗ ಚಹಾಕ್ಕೆ ಕರೆಯುತ್ತಾನೆ. ಮಳೆ, ಈರುಳ್ಳಿ ದರ, ಮಕ್ಕಳ ಪರೀಕ್ಷೆ, ಅಷ್ಟೇ ಮಾತು.

ವೈನಿಗೆ ತೊರವಿಯ ಹೊರಗಿನ ಒಂದು ಕಾಲೇಜಿನಲ್ಲಿ ಆಫೀಸಿನ ಕೆಲಸ ಸಿಕ್ಕಿದೆ. ಈಚೆಗೆ ಒಂದು ದಿನ ಅಲ್ಲಿಯ ಬಸ್ ನಿಲ್ದಾಣದಲ್ಲಿ ಸಿಕ್ಕಳು. ನೆರಳಿನ ಕಟ್ಟೆಯ ಮೇಲೆ ಕೂತೆವು.

"ಮನ್ಯಾಗ ಇವರು ಮಾತ ಆಡತಿರಲಿಲ್ರಿ" ಎಂದಳು. "ಉಂಡ್ರು, ಟಿವಿ ನೋಡಿದ್ರು, ಮಲಗಿದ್ರು. ನಿಮ್ಮಲ್ಲಿ ಭಾಳ ಮಾತಾಡತಿದ್ರಂತಲ್ಲ. ಏನೇನ ಅಂತಿದ್ರು, ಹೇಳ್ರಿ."

ಹೇಳಿದೆ. ಅವನು ರಾಜನ ಮುಂದೆಯೇ ರಾಜನ ಉಂಗುರ ಕದ್ದು ಅದನ್ನೇ ಅವನಿಗೆ ಮಾರಲು ಹೋದದ್ದು. ಸೇತುವೆ ಕಾಯುವ ರಾಕ್ಷಸನಿಗೆ ನಿನ್ನ ಕಾಲಿನ ಗೊರಸು ಕೊಳೆತಿದೆ, ಔಷಧ ಹಚ್ಚುತ್ತೇನೆ ಎಂದು ನಂಬಿಸಿ ಪಾರಾದದ್ದು. ಸಾವಕಾರನ ಸರದಾರ ಸೆರೆ ಸಿಕ್ಕಾಗ ಮುದುಕಿಯ ದನಿಯಲ್ಲಿ ಅಳುತ್ತ ಕಾವಲುಗಾರರನ್ನು ಕರಗಿಸಿದ್ದು. ಆ ಮುದುಕಿಯ ದನಿ ಹೇಗಿತ್ತೆಂದು ಕೇಳಿದಳು. ಮಾಡಿ ತೋರಿಸಲು ಹೋದೆ, ನನಗೆ ಬರಲಿಲ್ಲ. ಆಕೆ ನಕ್ಕಳು, ಕಣ್ಣೊರೆಸಿಕೊಂಡಳು, ಇನ್ನೊಂದು ಹೇಳಿ ಎಂದಳು. ಮರೆತದ್ದನ್ನು ಮರೆತಿದ್ದೇನೆ ಎಂದೇ ಹೇಳಿದೆ. ಆಕೆಯ ಬಸ್ಸು ಬಂದು ನಿಂತು ಹೋಯಿತು. ಆಕೆ ಏಳಲಿಲ್ಲ.